ಶನಿವಾರ ಬಂದರೆ ಕೋಟೆ, ಮನೆಯಲ್ಲಿ ಜಗಳ

ಪ್ರಶ್ನೆ: ದಾವಣಗೆರೆಯಿಂದ ಇಂಗ್ಲೆಂಡಿನ ಯಾರ್ಕ್‌ಗೆ ಬಂದು ಹತ್ತು ತಿಂಗಳಾಯಿತು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಯಜಮಾನರಿಗೆ ಇತಿಹಾಸದ ಹುಚ್ಚು. ಶನಿವಾರ ಬಂತೆಂದರೆ ಕೋಟೆ, ಚರ್ಚು, ಮ್ಯೂಸಿಯಂ ಅಂತ ಎಲ್ಲರನ್ನೂ ಹೊರಡಿಸುತ್ತಾರೆ. ವರ್ಷದ ಪಾಸು ತಗೊಂಡಿದ್ದೇವೆ, ದುಡ್ಡು ವಸೂಲಾಗಬೇಕು ಅನ್ನುತ್ತಾರೆ. ಮಗ ಅಳುತ್ತಾನೆ. ಮಗಳು ಮೊನ್ನೆ ‘ಇದೇನು ನಮ್ಮದಾ? ಯಾಕೆ ನೋಡಬೇಕು?’ ಅಂದಳು. ಅವರಿಗೆ ಸಿಟ್ಟು ಬಂತು. ಕ್ಲಿಫರ್ಡ್ಸ್ ಟವರ್‌ನಲ್ಲಿ ಹಿಂದೆ ಜನ ಸತ್ತ ಕತೆಯನ್ನು ಅವಳಿಗೆ ಹೇಳಿದ್ದಾರೆ. ಈಗ ರಾತ್ರಿ ಹೆದರಿ ಎದ್ದು ಕೂರುತ್ತಾಳೆ. ಊರಿಂದ ಅತ್ತೆ ‘ಮೊದಲು ನಮ್ಮ ಚಿತ್ರದುರ್ಗ ತೋರಿಸಬೇಕಿತ್ತು’ ಅನ್ನುತ್ತಾರೆ. ನಾನು ಬೇಡ ಅಂದರೆ ‘ನಿನಗೆ ಯಾವುದರಲ್ಲೂ ಆಸಕ್ತಿ ಇಲ್ಲ’ ಎಂಬ ಮಾತು. ಏನು ಮಾಡಲಿ?
– ಇಬ್ಬರು ಮಕ್ಕಳ ತಾಯಿ, ಯಾರ್ಕ್

ಉತ್ತರ: ಇಷ್ಟೆಲ್ಲ ಬರೆದಿದ್ದೀರಿ, ಆದರೆ ಶನಿವಾರದ ಬುತ್ತಿ ಯಾರು ಕಟ್ಟುತ್ತಾರೆ ಅಂತ ಬರೆದಿಲ್ಲ. ನಾನೇ ಊಹಿಸುತ್ತೇನೆ. ಬೆಳಿಗ್ಗೆ ಎದ್ದು ಚಿತ್ರಾನ್ನ ಕಲಸಿ, ಇಬ್ಬರಿಗೂ ಸ್ವೆಟರು, ರೇನ್‌ಕೋಟು ಹುಡುಕಿ, ಚಿಕ್ಕವನ ಬದಲಿ ಚಡ್ಡಿ ಚೀಲಕ್ಕೆ ತುಂಬುವವರು ನೀವು. ಕೋಟೆಯ ಹತ್ತಿರ ಬರುವಷ್ಟರಲ್ಲಿ ನೀವು ಅರ್ಧ ಸುಸ್ತು. ಅದು ಆಸಕ್ತಿ ಇಲ್ಲದ್ದಲ್ಲ ಬಿಡಿ.

ನನ್ನ ಅಪ್ಪನೂ ಹೀಗೇ ಇದ್ದರು. ಒಂದೇ ದಿನದಲ್ಲಿ ಬೇಲೂರು, ಹಳೇಬೀಡು ಎರಡನ್ನೂ ತೋರಿಸಿದರು. ಆಗ ನನಗೆ ಆರೋ ಏಳೋ ವರ್ಷ. ಅಪ್ಪ ಶಿಲಾಬಾಲಿಕೆಯರ ಬಗ್ಗೆ ಹೇಳುತ್ತಲೇ ಇದ್ದರು. ನಾನು ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಒಂದು ಕಾಲು ಬಿಟ್ಟು ಒಂದು ಕಾಲಲ್ಲಿ ಕುಣಿಯುತ್ತಿದ್ದೆ. ಅಂದು ನನಗೆ ನೆನಪುಳಿದದ್ದು ಸುಟ್ಟ ಪಾದ ಮತ್ತು ಬಸ್‌ಸ್ಟ್ಯಾಂಡಿನ ಮಂಡಕ್ಕಿ. ಬೇಲೂರಿನ ರುಚಿ ಹತ್ತಿದ್ದು ಮುಂದೆ ಹಾಸನದಲ್ಲಿ ಕೆಲಸಕ್ಕಿದ್ದಾಗ. ಬೇಜಾರಾದಾಗಲೆಲ್ಲ ಸುಮ್ನೆ ಬಸ್ಸು ಹತ್ತಿ ಹೋಗುತ್ತಿದ್ದೆ, ಒಂದು ಮೂಲೆಯಲ್ಲಿ ಕೂತು ಬರುತ್ತಿದ್ದೆ.

ನಿಮ್ಮ ಯಜಮಾನರಿಗೂ ಇದನ್ನೇ ಹೇಳಬೇಕು ಅನಿಸುತ್ತದೆ. ಹತ್ತು ತಿಂಗಳಾದರೂ ಅವರು ಇನ್ನೂ ರಜೆಗೆ ಬಂದವರ ಹಾಗೆ ಓಡಾಡುತ್ತಿದ್ದಾರೆ. ನಾಳೆ ವಾಪಸ್ ಹೋಗಬೇಕಾದೀತು, ಅಷ್ಟರಲ್ಲಿ ಎಲ್ಲ ನೋಡಿಬಿಡೋಣ ಎಂಬ ಆತುರ. ವೀಸಾ, ಕೆಲಸ ಅಂತ ಅವರ ಮನಸ್ಸಿನಲ್ಲೂ ಏನೋ ಭಯ ಇರಬಹುದು, ಒಮ್ಮೆ ಕೇಳಿ ನೋಡಿ. ಮಕ್ಕಳಿಗೆ ಮಾತ್ರ ಹತ್ತು ಜಾಗವನ್ನು ಒಂದೊಂದು ಸಲ ನೋಡುವುದಕ್ಕಿಂತ ಒಂದೇ ಜಾಗಕ್ಕೆ ಹತ್ತು ಸಲ ಹೋಗುವುದು ಇಷ್ಟ. ಅದೇ ಮರ, ಅದೇ ಮೆಟ್ಟಿಲು ಮತ್ತೆ ಸಿಗಬೇಕು. ಮುಂದಿನ ಎರಡು ಮೂರು ತಿಂಗಳು ಊರು ಬಿಟ್ಟು ಎಲ್ಲೂ ಹೋಗಬೇಡಿ. ಹೇಗೂ ಡಿಸೆಂಬರಿನಲ್ಲಿ ನಿಮ್ಮಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ.

ಊರಿನ ಸುತ್ತಲಿನ ಕೋಟೆಗೋಡೆಯಿಂದ ಶುರು ಮಾಡಿ. ಅದಕ್ಕೆ ಟಿಕೆಟ್ಟಿಲ್ಲ, ಹಾಗಾಗಿ ವಸೂಲಿಯ ತಲೆನೋವೂ ಇಲ್ಲ. ಪೂರ್ತಿ ಗೋಡೆ ಸುಮಾರು 3.4 ಕಿಲೋಮೀಟರ್ ಇದೆ. ನಾಲ್ಕು ವರ್ಷದವನನ್ನು ಅಷ್ಟು ನಡೆಸುವ ಹಟ ಬೇಡ. ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗೆ ಸಾಕು, ದಾರಿಯುದ್ದಕ್ಕೂ ಮಿನ್‌ಸ್ಟರ್ ಚರ್ಚು ಕಾಣುತ್ತದೆ. ಗೋಡೆಗೆ ಕೆಲವು ಕಡೆ ಒಳಬದಿಯಲ್ಲಿ ಕಂಬಿ ಇಲ್ಲ, ಅವನ ಕೈ ಬಿಡಬೇಡಿ. ಯಾರ್ಕ್‌ನಲ್ಲಿ ‘ಗೇಟ್’ ಅಂದರೆ ಬೀದಿ, ‘ಬಾರ್’ ಅಂದರೆ ಕೋಟೆಬಾಗಿಲು ಅಂತ ಮಗಳಿಗೆ ಹೇಳಿ. ಬೀದಿಗೆ ಗೇಟ್ ಅನ್ನುವುದು, ಸಾವಿರ ವರ್ಷಕ್ಕೂ ಹಿಂದೆ ಸಮುದ್ರ ದಾಟಿ ಬಂದು ಈ ಊರನ್ನಾಳಿದ ವೈಕಿಂಗರು ಬಿಟ್ಟುಹೋದ ಮಾತು. ದಾವಣಗೆರೆಯ ಅಜ್ಜನಿಗೆ ಫೋನ್ ಮಾಡಿ ‘ಅಜ್ಜಾ, ನಾವೀಗ ಬಾರ್‌ಗೆ ಹೋಗಿದ್ವಿ’ ಅನ್ನಲಿ.

ಅತ್ತೆಯ ಮಾತನ್ನು ಚುಚ್ಚುಮಾತು ಅಂತ ತೆಗೆದುಕೊಳ್ಳಬೇಡಿ, ಅದರಲ್ಲಿ ಕೆಲಸಕ್ಕೆ ಬರುವ ಅಂಶ ಇದೆ. ಗೋಡೆಗೆ ಹೋಗುವ ಹಿಂದಿನ ದಿನ ಒನಕೆ ಓಬವ್ವನ ಕತೆಯನ್ನು ಅವರ ಬಾಯಿಂದಲೇ ವಿಡಿಯೊ ಕಾಲ್‌ನಲ್ಲಿ ಹೇಳಿಸಿ. ಗಂಡ ಊಟಕ್ಕೆ ಕೂತಿದ್ದಾನೆ, ಓಬವ್ವ ನೀರಿಗೆ ಬಂದಿದ್ದಾಳೆ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದಾರೆ. ಮರುದಿನ ಗೋಡೆಯ ಮೇಲೆ ‘ಇಲ್ಲಿ ಓಬವ್ವ ಎಲ್ಲಿ ನಿಲ್ಲಬೇಕಿತ್ತು?’ ಅಂತ ಮಕ್ಕಳನ್ನೇ ಕೇಳಿ. ಅವರು ಕಿಂಡಿ ಹುಡುಕುತ್ತ ಎಷ್ಟು ದೂರ ನಡೆದುಬಿಡುತ್ತಾರೆ ನೋಡಿ.

ಒಂದು ದಿನಕ್ಕೆ ಒಂದೇ ವಸ್ತು ನೋಡಿ, ಸಾಕು. ಯೋರ್ವಿಕ್ ವೈಕಿಂಗ್ ಸೆಂಟರ್‌ನಲ್ಲಿ, 1972ರಲ್ಲಿ ಸಿಕ್ಕ, ಕಲ್ಲಾಗಿಹೋದ ವೈಕಿಂಗ್ ಮನುಷ್ಯನ ಮಲ ಇದೆ. ಹತ್ತಿರ ಹತ್ತಿರ ಒಂದು ಗೇಣು ಉದ್ದ. ನಾಲ್ಕು ವರ್ಷದವನಿಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲ. ಮಿನ್‌ಸ್ಟರ್‌ಗೆ ಹೋದಾಗ ದಕ್ಷಿಣ ಭಾಗದ ಚಾವಣಿ ನೋಡಿ. 1984ರಲ್ಲಿ ಅದು ಬೆಂಕಿಗೆ ಸುಟ್ಟುಹೋಗಿತ್ತು. ಮತ್ತೆ ಕಟ್ಟುವಾಗ ಬಿಬಿಸಿಯ ‘ಬ್ಲೂ ಪೀಟರ್’ ಕಾರ್ಯಕ್ರಮ ಮಕ್ಕಳಿಗೆ ಚಿತ್ರದ ಸ್ಪರ್ಧೆ ಇಟ್ಟಿತು. ಗೆದ್ದ ಆರು ಚಿತ್ರಗಳನ್ನು ಮರದಲ್ಲಿ ಕೆತ್ತಿ ಚಾವಣಿಗೆ ಕೂರಿಸಿದರು. ಚಂದ್ರನ ಮೇಲೆ ಇಳಿದ ಮನುಷ್ಯನೂ ಅಲ್ಲಿದ್ದಾನೆ, ತಿಮಿಂಗಿಲವೂ ಇದೆ. ಮಕ್ಕಳು ಬರೆದದ್ದು ಅಂತ ಗೊತ್ತಾದ ಮೇಲೆ ಮಗಳ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಮಳೆ ಬಂದರೆ ರೈಲ್ವೆ ಮ್ಯೂಸಿಯಂ ಇದ್ದೇ ಇದೆ, ಅದಕ್ಕೂ ಟಿಕೆಟ್ಟಿಲ್ಲ.

ಈಗ ಕ್ಲಿಫರ್ಡ್ಸ್ ಟವರ್ ವಿಷಯ. ಇಲ್ಲಿ ನಾನು ನಿಮ್ಮ ಪಕ್ಷ. 1190ರ ಮಾರ್ಚ್‌ನಲ್ಲಿ ಯಾರ್ಕ್‌ನ ಯಹೂದಿಗಳು, ಸುಮಾರು 150 ಜನ, ಈಗ ಈ ಟವರ್ ಇರುವ ದಿಬ್ಬದ ಮೇಲೆ ಆಗ ಇದ್ದ ಕೋಟೆಯಲ್ಲಿ ರಕ್ಷಣೆ ಕೇಳಿ ಸೇರಿದ್ದರು. ಹೊರಗೆ ಗುಂಪು ಮುತ್ತಿತು. ಹಲವರು ತಮ್ಮ ಕೈಯಾರೆ ಪ್ರಾಣ ತೆಗೆದುಕೊಂಡರು, ಉಳಿದವರನ್ನು ಕೊಂದರು. ಮಲಗುವ ಕೋಣೆಯಲ್ಲಿ ಒಬ್ಬಳೇ ಇರುವ ಏಳು ವರ್ಷದ ಮಗುವಿಗೆ ಇದು ಭಾರ ಜಾಸ್ತಿ. ಆದರೆ ಹೇಳಿಯಾಗಿದೆ, ಸುಳ್ಳು ಅಂತ ಈಗ ಮುಚ್ಚಿಡಬೇಡಿ. ಅವಳು ಏನು ಕೇಳುತ್ತಾಳೋ ಅಷ್ಟಕ್ಕೇ ಉತ್ತರ ಕೊಡಿ. ‘ತುಂಬಾ ಹಿಂದೆ ಆದದ್ದು. ಅದು ತಪ್ಪು. ಈಗ ನಾವಿಬ್ಬರೂ ಪಕ್ಕದ ಕೋಣೆಯಲ್ಲೇ ಇದ್ದೇವೆ’ ಅನ್ನಿ. ಕೆಲವು ದಿನ ಅವಳ ಜೊತೆ ಮಲಗಿ. ಆ ದಿಬ್ಬದ ಮೇಲೆ ಸತ್ತವರ ನೆನಪಿಗೆ ಡ್ಯಾಫೊಡಿಲ್ ಹೂ ನೆಟ್ಟಿದ್ದಾರೆ. ಅದರ ಆರು ಎಸಳು ಯಹೂದಿಗಳ ನಕ್ಷತ್ರದ ಆರು ಮೂಲೆಯ ಹಾಗೆ. ಮಾರ್ಚ್ ಹೊತ್ತಿಗೆ ಅರಳುತ್ತದೆ. ಅವಳು ಒಪ್ಪಿದರೆ ಆಗ ಹೋಗಿ ಹೂವನ್ನಷ್ಟೇ ನೋಡಿ ಬನ್ನಿ. ಒಂದು ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ ಶಾಲೆಯ ಟೀಚರ್ ಹತ್ತಿರ, ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ, ಸಂಕೋಚ ಬೇಡ.

‘ಇದೇನು ನಮ್ಮದಾ’ ಅಂದದ್ದಕ್ಕೆ ಸಿಟ್ಟು ಯಾಕೆ? ನ್ಯಾಯವಾದ ಪ್ರಶ್ನೆ ಅಲ್ವಾ? ಅವಳನ್ನು ಯಾರ್ಕ್‌ಶೈರ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಒಬ್ಬಾಕೆಯ ಬಳೆ ತೋರಿಸಿ. 1901ರಲ್ಲಿ ಯಾರ್ಕ್‌ನಲ್ಲಿ ರೋಮನ್ ಕಾಲದ ಕಲ್ಲಿನ ಶವಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಸುಮಾರು 1,700 ವರ್ಷದ ಹಿಂದಿನ ಯುವತಿಯ ಎಲುಬು, ಜೊತೆಗೆ ದಂತದ ಬಿಳಿ ಬಳೆ, ಜೆಟ್ ಎಂಬ ಕಪ್ಪು ಕಲ್ಲಿನ ಬಳೆ, ಮಣಿಸರ, ಕನ್ನಡಿ. ಎಲುಬುಗಳನ್ನು ಪರೀಕ್ಷಿಸಿದವರು 2010ರಲ್ಲಿ ಹೇಳಿದ್ದು, ಆಕೆಯ ಮೂಲ ಉತ್ತರ ಆಫ್ರಿಕಾದ ಕಡೆ ಇರಬಹುದು ಅಂತ. ದಂತ ಹೊರಗಿನದು, ಜೆಟ್ ಯಾರ್ಕ್‌ಶೈರ್ ಕರಾವಳಿಯ ವಿಟ್ಬಿಯದು. ಎರಡೂ ಆಕೆಯ ಬಳಿ ಇದ್ದವು. ಇದರ ಬಗ್ಗೆ ಮಗಳಿಗೆ ಏನೂ ವಿವರಿಸಲು ಹೋಗಬೇಡಿ. ಅವಳ ಕೈಯಲ್ಲೂ ಬಳೆ ಇರುತ್ತದಲ್ಲ, ಅವಳೇ ಹೋಲಿಸಿ ನೋಡುತ್ತಾಳೆ. ಹೊರಗೆ ಬಂದರೆ ಸೇಂಟ್ ಮೇರಿ ಮಠದ ಪಾಳುಗೋಡೆ, ವಿಶಾಲ ಹುಲ್ಲು, ಅಳಿಲು. ಅಲ್ಲಿ ಇಬ್ಬರೂ ಕಿರುಚಿ ಓಡಿದರೆ ಯಾರೂ ಬಯ್ಯುವುದಿಲ್ಲ.

ಉಳಿದದ್ದು ನಿಮ್ಮಿಬ್ಬರ ಲೆಕ್ಕ. ಪಾಸಿನ ದುಡ್ಡು ಅವರೊಬ್ಬರೇ ವಸೂಲು ಮಾಡಲಿ, ಖುಷಿಯಾಗಿ ಕಳಿಸಿಕೊಡಿ. ತಿಂಗಳಿಗೆ ಒಂದು ಶನಿವಾರ ಬೇಕಾದ ಕೋಟೆಗೆ ಹೋಗಿ ಪ್ರತಿ ಫಲಕವನ್ನೂ ಓದಿ ಬರಲಿ. ಇನ್ನೊಂದು ಶನಿವಾರ ಮಕ್ಕಳು ಅವರ ಜೊತೆ, ನೀವು ಒಬ್ಬರೇ ಹೊರಗೆ. ಕಾಫಿ ಕುಡಿಯಿರಿ, ಲೈಬ್ರರಿಗೆ ಹೋಗಿ, ನದಿ ದಂಡೆಯಲ್ಲಿ ಕೂತು ತಂಗಿಗೆ ಒಂದು ಗಂಟೆ ಫೋನ್ ಮಾಡಿ. ಈ ಊರನ್ನು ನೀವು ಇನ್ನೂ ಒಬ್ಬರೇ ನೋಡಿಲ್ಲ ಅನಿಸುತ್ತದೆ ನನಗೆ. ಮಿಕ್ಕ ಶನಿವಾರಗಳಲ್ಲಿ ನಾಲ್ವರೂ ಗೋಡೆಗೆ ಹೋಗಿ. ಎಲ್ಲಿವರೆಗೆ ನಡೆಯಬೇಕು ಅಂತ ಮಗಳು ಹೇಳಲಿ, ಸಾಕಾಯಿತು ಅಂತ ಮಗ ಹೇಳಲಿ.

ಆ ದಿನದ ಚಿತ್ರಾನ್ನ ಮಾತ್ರ ಯಜಮಾನರೇ ಕಲಸಲಿ.