ಜೆನ್ನಿ ಲೂಯಿಸ್ ಬಾಲನಟಿಯಾಗಿ ದುಡಿದ ಹಣ ಏನಾಯಿತು? ಸಂಗೀತಕ್ಕೆ ಹೇಗೆ ಬಂದರು?

ನೀವು ಎರಡು ವಿಷಯ ಕೇಳಿದ್ದೀರಿ. ಅಮೆರಿಕದ ಗಾಯಕಿ ಜೆನ್ನಿ ಲೂಯಿಸ್ ಚಿಕ್ಕಂದಿನಲ್ಲಿ ಸಿನಿಮಾ, ಟಿವಿಯಲ್ಲಿ ದುಡಿದ ದುಡ್ಡು ಎಲ್ಲಿ ಹೋಯಿತು, ನಟನೆ ಬಿಟ್ಟು ಹಾಡಲು ಹೊರಟಿದ್ದು ಹೇಗೆ ಅಂತ ಒಂದು. ನಿಮ್ಮ ಅಕ್ಕನ ಹತ್ತು ವರ್ಷದ ಮಗಳಿಗೆ ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿದೆ, ಅವಳ ದುಡ್ಡಿನ ವಿಷಯದಲ್ಲಿ ಏನು ನೋಡಿಕೊಳ್ಳಬೇಕು ಅಂತ ಇನ್ನೊಂದು. ನಾನು ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು. ಜೆನ್ನಿಯ ಹಾಡುಗಳೆಂದರೆ ನನಗೆ ತುಂಬಾ ಇಷ್ಟ. ಎರಡಕ್ಕೂ ಸೇರಿಸಿಯೇ ಉತ್ತರ ಬರೆಯುತ್ತೇನೆ.

ಜೆನ್ನಿ ಹುಟ್ಟಿದ್ದು 1976ರಲ್ಲಿ, ಲಾಸ್ ವೇಗಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಅಲ್ಲಿನ ಹೋಟೆಲುಗಳಲ್ಲಿ ಹಾಡುತ್ತಿದ್ದವರು. ಅಪ್ಪ ಎಡ್ಡಿ ಗಾರ್ಡನ್ ಒಳ್ಳೆಯ ಹಾರ್ಮೋನಿಕಾ ವಾದಕ. ಜೆನ್ನಿ ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಇಬ್ಬರೂ ಬೇರೆಯಾದರು. ತಾಯಿ ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸ್ ಕಡೆಗೆ ಬಂದರು. ಜೆನ್ನಿ ಮೊದಲು ಕಾಣಿಸಿಕೊಂಡಿದ್ದು ಜೆಲ್ಲಿ ಪುಡಿಯ ಒಂದು ಜಾಹೀರಾತಿನಲ್ಲಿ. ಆಮೇಲೆ ಒಂದರ ಹಿಂದೆ ಒಂದು ಕೆಲಸ. 1986ರಲ್ಲಿ ಹೆಸರಾಂತ ಹಾಸ್ಯನಟಿ ಲೂಸಿಲ್ ಬಾಲ್ ಅವರ ಕೊನೆಯ ಟಿವಿ ಸರಣಿಯಲ್ಲಿ ಮೊಮ್ಮಗಳ ಪಾತ್ರ. 1989ರಲ್ಲಿ 'ಟ್ರೂಪ್ ಬೆವರ್ಲಿ ಹಿಲ್ಸ್', 'ದಿ ವಿಝರ್ಡ್' ಅಂತ ಎರಡು ಸಿನಿಮಾ. ಹದಿನಾಲ್ಕು ವರ್ಷ ತುಂಬುವ ಹೊತ್ತಿಗೆ ಅಮೆರಿಕದ ಎಷ್ಟೋ ಮನೆಗಳಿಗೆ ಗೊತ್ತಿರುವ ಮುಖ.

ಮನೆ ನಡೆಯುತ್ತಿದ್ದುದು ಆ ಹುಡುಗಿಯ ದುಡಿಮೆಯಿಂದ. ತಾಯಿಗೆ ಹೆರಾಯಿನ್ ಚಟ ಇತ್ತು. ಇದು ಗಾಳಿಸುದ್ದಿ ಅಲ್ಲ, ದೊಡ್ಡವರಾದ ಮೇಲೆ ಜೆನ್ನಿಯೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕೈತುಂಬ ಬಂದ ದುಡ್ಡು ಉಳಿಯಲಿಲ್ಲ. ಹರೆಯದಲ್ಲೇ ಆಕೆ ತಾಯಿಯಿಂದ ದೂರವಾದರು.

'ಕಾನೂನು ಇರಲಿಲ್ವಾ?' ಅಂತ ನೀವು ಕೇಳಿದ್ದೀರಿ. ಇತ್ತು, ಆದರೆ ತೂತು ಬಿದ್ದಿತ್ತು. ಜಾಕಿ ಕೂಗನ್ ಅಂತ ಒಬ್ಬ ಹುಡುಗ 1921ರಲ್ಲಿ ಚಾಪ್ಲಿನ್ ಜೊತೆ 'ದಿ ಕಿಡ್' ಸಿನಿಮಾದಲ್ಲಿ ಅಭಿನಯಿಸಿದ್ದ. ದೊಡ್ಡವನಾಗುವಷ್ಟರಲ್ಲಿ 30ರಿಂದ 40 ಲಕ್ಷ ಡಾಲರ್ ದುಡಿದಿದ್ದ ಅಂತ ಅಂದಾಜು. ದುಡ್ಡು ಕೇಳಿದರೆ ತಾಯಿ, ಮಲತಂದೆ ಕೊಡಲಿಲ್ಲ. ಅಪ್ರಾಪ್ತ ಮಗುವಿನ ಸಂಪಾದನೆ ತಂದೆತಾಯಿಯದೇ ಅಂತ ಆಗಿನ ಕಾನೂನೂ ಹೇಳುತ್ತಿತ್ತು. 1938ರಲ್ಲಿ ಆತ ಕೋರ್ಟಿಗೆ ಹೋದ. ಕೊನೆಗೆ ಕೈಗೆ ಸಿಕ್ಕಿದ್ದು ಸುಮಾರು 1,26,000 ಡಾಲರ್. ಜನ ಎಷ್ಟು ರೊಚ್ಚಿಗೆದ್ದರೆಂದರೆ ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಆತನ ಹೆಸರಿನಲ್ಲೇ ಕರೆಯುವ ಕಾಯ್ದೆ ಬಂತು. ಆದರೆ ಅದು ಕೋರ್ಟಿನ ಒಪ್ಪಿಗೆ ಪಡೆದ ಒಪ್ಪಂದಗಳಿಗೆ ಮಾತ್ರ ಅನ್ವಯ. ಒಪ್ಪಿಗೆಗೆ ಹೋಗದಿದ್ದರೆ ಕೇಳುವವರಿಲ್ಲ. ಜೆನ್ನಿ ಬೆಳೆದಿದ್ದು ಈ ತೂತಿನ ಕಾಲದಲ್ಲಿ. 2000ನೇ ಇಸವಿಯಲ್ಲಿ ಅದನ್ನು ಮುಚ್ಚಿದರು. ಈಗ ಮಗು ದುಡಿದದ್ದು ಮಗುವಿನದೇ ಆಸ್ತಿ. ಒಟ್ಟು ಸಂಭಾವನೆಯ 15 ಶೇಕಡಾ ಬೇರೆ ಖಾತೆಗೆ ಹೋಗಬೇಕು. ಹದಿನೆಂಟು ತುಂಬುವ ತನಕ ಅಪ್ಪ ಅಮ್ಮನೂ ಅದನ್ನು ಮುಟ್ಟುವಂತಿಲ್ಲ.

ಈ 'ಮುಟ್ಟುವಂತಿಲ್ಲ' ಅನ್ನುವುದು ಎಷ್ಟು ಮುಖ್ಯ ಅಂತ ನನಗೆ ಅರ್ಥವಾಗಿದ್ದು ನನ್ನ ಕೌಂಟರಿನಲ್ಲೇ. ಒಮ್ಮೆ ಒಬ್ಬ ತಂದೆ ಮಗನ ಹೆಸರಿನ ಎಫ್‌ಡಿ ಮುರಿಸಲು ಬಂದಿದ್ದರು. ಹುಡುಗ ಯಾವುದೋ ಜಾಹೀರಾತಿನಲ್ಲಿ ನಟಿಸಿ ಬಂದ ದುಡ್ಡು ಅದು. ಹುಡುಗ ಸ್ಕೂಲ್ ಯೂನಿಫಾರ್ಮಿನಲ್ಲೇ ಪಕ್ಕದಲ್ಲಿ ನಿಂತು, ದಾರ ಕಟ್ಟಿದ ಪೆನ್ನನ್ನು ಎಳೆದು ಎಳೆದು ಬಿಡುತ್ತಿದ್ದ. ಅಪ್ರಾಪ್ತರ ಎಫ್‌ಡಿ ಅವಧಿಗೆ ಮುಂಚೆ ಮುರಿಯಬೇಕಾದರೆ, ಈ ಹಣವನ್ನು ಮಗುವಿನ ಒಳಿತಿಗೇ ಬಳಸುತ್ತೇನೆ ಅಂತ ಪೋಷಕರು ಬರೆದುಕೊಡಬೇಕು. ಆ ತಂದೆ ಸಹಿ ಹಾಕುವಾಗ ತಲೆ ಎತ್ತಲಿಲ್ಲ. ಮನೆಯ ಸಾಲ ಮೂರು ಕಂತು ನಿಂತಿದೆ ಅಂತ ಮೆಲ್ಲಗೆ ಹೇಳಿದರು. ಅವರು ಕೆಟ್ಟವರಲ್ಲ. ಮಗ ಮಲಗುವ ಮನೆಯೇ ಅಲ್ವಾ ಅದು? ಆದರೂ ಆ ಕಾಗದದ ಮೇಲೆ ಮುದ್ರೆ ಒತ್ತುವಾಗ ನನ್ನ ಹೊಟ್ಟೆಯಲ್ಲಿ ಏನೋ ಸಂಕಟವಾಯಿತು. ಹುಡುಗನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅವತ್ತು ರಾತ್ರಿ ಜೆನ್ನಿಯ 'ರ‍್ಯಾಬಿಟ್ ಫರ್ ಕೋಟ್' ಹಾಡನ್ನು ಮತ್ತೆ ಮತ್ತೆ ಕೇಳಿದೆ. 2006ರಲ್ಲಿ ವ್ಯಾಟ್ಸನ್ ಟ್ವಿನ್ಸ್ ಅಕ್ಕತಂಗಿಯರ ಜೊತೆ ಮಾಡಿದ ಇದೇ ಹೆಸರಿನ ಆಲ್ಬಮ್‌ನಲ್ಲಿದೆ. ಒಂದು ಗಿಟಾರು, ಒಂದು ದನಿ, ಅಷ್ಟೇ. ಮೊಲದ ತುಪ್ಪಳದ ಕೋಟಿನ ಮೇಲೆ ಆಸೆ ಇಟ್ಟುಕೊಂಡ ಒಬ್ಬ ಬಡ ತಾಯಿ, ತುಂಬಾ ದುಡಿಯುವ ಮಗಳು, ದೊಡ್ಡ ಮನೆ, ಆಮೇಲೆ ಕರಗಿಹೋಗುವ ದುಡ್ಡು. ಅದರಲ್ಲಿ ಬರುವುದೆಲ್ಲ ನಡೆದದ್ದೇ ಅಂತ ತಿಳಿಯಬೇಡಿ, ಅದು ಕಥೆ ಹೇಳುವ ಹಾಡು. ಆದರೆ ತಾಯಿಯನ್ನು ಬೈಯುವ ದನಿ ಅಲ್ಲಿಲ್ಲ. ಲೆಕ್ಕ ಕೇಳುವ ದನಿಯೂ ಇಲ್ಲ. ಮಗಳೇ ಕೂತು ಮನೆಯ ಕಥೆಯನ್ನು ನಿಧಾನವಾಗಿ, ಒಂದನ್ನೂ ಬಿಡದೆ ಹೇಳುತ್ತಾಳೆ. ನನಗೆ ಗೊತ್ತಿರುವ ಹಾಡುಗಳಲ್ಲಿ ದುಡ್ಡಿನ ಬಗ್ಗೆ ಇದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ.

ಸಂಗೀತಕ್ಕೆ ಬಂದ ದಾರಿ ಸುಲಭದ್ದಲ್ಲ. 1998ರಲ್ಲಿ ಬ್ಲೇಕ್ ಸೆನೆಟ್ ಜೊತೆ ಸೇರಿ 'ರಿಲೋ ಕೈಲಿ' ಬ್ಯಾಂಡ್ ಕಟ್ಟಿದರು. ವಿಶೇಷ ಏನೆಂದರೆ ಸೆನೆಟ್ ಕೂಡ ಬಾಲನಟನಾಗಿದ್ದವರೇ. ಸಿನಿಮಾದ ಹೆಸರು ಇದ್ದರೂ ಶುರುವಿನಲ್ಲಿ ಆಡಿದ್ದು ಸಣ್ಣ ಕ್ಲಬ್ಬುಗಳಲ್ಲಿ, ಆಲ್ಬಮ್ ತಂದಿದ್ದು ಸಣ್ಣ ಕಂಪನಿಗಳ ಮೂಲಕ. 2002ರ 'ದಿ ಎಕ್ಸಿಕ್ಯೂಶನ್ ಆಫ್ ಆಲ್ ಥಿಂಗ್ಸ್', 2004ರ 'ಮೋರ್ ಅಡ್ವೆಂಚರಸ್' ಬಂದ ಮೇಲೆ ಜನ ಗುರುತಿಸಿದರು. ನಡುವೆ 2003ರಲ್ಲಿ 'ದಿ ಪೋಸ್ಟಲ್ ಸರ್ವೀಸ್' ತಂಡದ 'ಗಿವ್ ಅಪ್' ಆಲ್ಬಮ್‌ನಲ್ಲಿ ಹಾಡಿದರು. ಅದು ಅಮೆರಿಕದಲ್ಲೇ ಹತ್ತು ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. ಆಮೇಲೆ ಬ್ಯಾಂಡ್ ಚದುರಿತು. 2014ರ 'ದಿ ವಾಯೇಜರ್', 2019ರ 'ಆನ್ ದಿ ಲೈನ್', 2023ರ 'ಜಾಯ್ ಆಲ್' ಜೆನ್ನಿಯದೇ ಹೆಸರಿನಲ್ಲಿ ಬಂದವು. 2025ರಲ್ಲಿ ರಿಲೋ ಕೈಲಿ ಮತ್ತೆ ವೇದಿಕೆ ಹತ್ತಿತು.

ಯಾಕೆ ಸಂಗೀತ ಅಂದರೆ, ನನಗೆ ಅನಿಸುವುದು ಇಷ್ಟು. ನಟಿಯಾಗಿದ್ದಾಗ ಬಾಯಲ್ಲಿ ಬೇರೆಯವರ ಮಾತು, ಸಂಬಳದ ಮೇಲೆ ಬೇರೆಯವರ ಸಹಿ. ಹಾಡು ಬರೆದರೆ ಅದು ಬರೆದವರದು. ರೇಡಿಯೋದಲ್ಲಿ ಬಂದರೂ, ಬೇರೆಯವರು ಹಾಡಿದರೂ ಬರೆದವರಿಗೆ ಅಂತ ಒಂದು ಪಾಲು ಇದೆ. ಅಪ್ಪ ಅಮ್ಮನಿಂದ ಬಂದ ಸಂಗೀತವೂ ರಕ್ತದಲ್ಲಿತ್ತು. ಆ ಆಸ್ತಿ ಯಾರ ಕೈಯಲ್ಲೂ ಖರ್ಚಾಗಿರಲಿಲ್ಲ. ತಾಯಿ 2017ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ತಾಯಿ ಮಗಳು ಮತ್ತೆ ಮಾತಾಡಿದ್ದರು ಅನ್ನುವುದು ನನಗೆ ದೊಡ್ಡ ಸಮಾಧಾನ.

ಇನ್ನು ನಿಮ್ಮ ಅಕ್ಕನ ಮಗಳ ವಿಷಯ. ನಮ್ಮ ದೇಶದಲ್ಲೂ ನಿಯಮ ಇದೆ, ಸುಮ್ನೆ ಯಾರಿಗೂ ಗೊತ್ತಿಲ್ಲ ಅಷ್ಟೆ. 2017ರಲ್ಲಿ ಬಾಲಕಾರ್ಮಿಕ ನಿಯಮಗಳಿಗೆ ತಿದ್ದುಪಡಿ ತಂದರು. ಹದಿನಾಲ್ಕು ತುಂಬದ ಮಗು ನಟಿಸಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ, 3 ಗಂಟೆ ಆದ ಮೇಲೆ ಬಿಡುವು ಕೊಡಲೇಬೇಕು. ಮಗುವಿನ ಸಂಭಾವನೆಯಲ್ಲಿ ಕನಿಷ್ಠ 20 ಶೇಕಡಾ ನೇರವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಎಫ್‌ಡಿ ಆಗಬೇಕು. ಮಗುವಿಗೆ ಇಷ್ಟ ಇಲ್ಲದಿದ್ದರೆ ಮಾಡಿಸುವಂತೆಯೇ ಇಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನಿಮ್ಮ ಅಕ್ಕನಿಗೆ ಈ 20 ಶೇಕಡಾ ವಿಷಯ ಬರೆಸಿಕೊಳ್ಳಲು ಹೇಳಿ. ಎಫ್‌ಡಿ ಅವಧಿಯನ್ನು ಹುಡುಗಿಗೆ ಹದಿನೆಂಟು ತುಂಬುವ ದಿನಕ್ಕೆ ಹೊಂದಿಸಿ. ಆದರೆ 20ಕ್ಕೇ ನಿಲ್ಲಿಸಬೇಡಿ, ಮನೆಗೆ ಕಷ್ಟ ಇಲ್ಲದಿದ್ದರೆ ಅರ್ಧಕ್ಕಿಂತ ಜಾಸ್ತಿ ಇಡಿ. ರಸೀದಿ ಬಂದ ದಿನ ಅದನ್ನು ಹುಡುಗಿಗೇ ಕೊಟ್ಟು ಓದಿಸಿ. ಅದರಲ್ಲಿ ಅವಳ ಹೆಸರು ಎಲ್ಲಿದೆ ಅಂತ ಅವಳೇ ಬೆರಳಿಟ್ಟು ತೋರಿಸಲಿ.