ಟೊಮೆಟೊ ಕುಕ್ಕಿದವರು ಯಾರು? ಹಕ್ಕಿ ಕಾಟದ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಕ್ಕಿಗಳ ಮೇಲಿನ ದೂರು. ಒಂದೊಂದಾಗಿ ನೋಡೋಣ.

ಪ್ರಶ್ನೆ: ತಾರಸಿಯ ಕುಂಡಗಳಲ್ಲಿ ಪಾಲಕ್, ದಂಟು, ಟೊಮೆಟೊ ಹಾಕಿದ್ದೇನೆ. ಸೊಪ್ಪಿನ ಎಳೆ ಸಸಿ ಬೆಳಗಾಗುವುದರೊಳಗೆ ಮಾಯ. ಟೊಮೆಟೊ ಕೆಂಪಾಗುತ್ತಿದ್ದ ಹಾಗೆ ತೂತು. ಯಾವ ಹಕ್ಕಿ ಇದು, ಹೇಗೆ ಓಡಿಸಲಿ? (ಓದುಗರೊಬ್ಬರು, ಮೈಸೂರು)

ಉತ್ತರ: ಎರಡೂ ಒಬ್ಬರದೇ ಕೆಲಸ ಅಂದುಕೊಳ್ಳಬೇಡಿ. "ಬೆಳಗಾಗುವುದರೊಳಗೆ" ಅಂತ ಬರೆದಿದ್ದೀರಲ್ಲ, ನನಗೆ ಅಲ್ಲೇ ಅನುಮಾನ. ಸೊಪ್ಪು ತಿನ್ನುವ ಹಕ್ಕಿ ರಾತ್ರಿ ಬರುವುದಿಲ್ಲ. ರಾತ್ರಿ ಇದ್ದ ಸಸಿ ಬೆಳಕು ಹರಿಯುವ ಹೊತ್ತಿಗೇ ಇಲ್ಲ ಅಂದರೆ ಅದು ಬಸವನಹುಳು, ಇಲ್ಲವೇ ಬುಡ ಕತ್ತರಿಸುವ ಹುಳು, ಇಲ್ಲವೇ ಇಲಿ. ರಾತ್ರಿ ಊಟ ಆದ ಮೇಲೆ ಒಂದು ಸಲ ಟಾರ್ಚ್ ಹಿಡಿದು ತಾರಸಿಗೆ ಹೋಗಿ ನೋಡಿ. ಕುಂಡದ ಅಂಚಿನಲ್ಲಿ ಒಣಗಿದ ಲೋಳೆಯ ಹೊಳಪು ಗೆರೆ ಕಂಡರೆ ಕಳ್ಳ ಸಿಕ್ಕ ಹಾಗೆ. ಬುಡದಲ್ಲೇ ಕತ್ತರಿಸಿ ಬಿದ್ದಿದ್ದರೆ ಅಲ್ಲೇ ಒಂದಂಗುಲ ಮಣ್ಣು ಕೆದಕಿ, ಸುರುಳಿ ಸುತ್ತಿಕೊಂಡ ಹುಳು ಸಿಗಬಹುದು.

ಸೂರ್ಯ ಬಂದ ಮೇಲೆ ಸಸಿ ಹೋಗುತ್ತಿದ್ದರೆ ಪಾರಿವಾಳ ಅಥವಾ ಗುಬ್ಬಿ. ಪಾರಿವಾಳ ಕುಂಡದಲ್ಲಿ ತುಳಿದಾಡಿ ಎಳೆ ಸಸಿಯನ್ನು ಬೇರು ಸಮೇತ ಕೀಳುತ್ತದೆ, ಬಿತ್ತಿದ ಬೀಜವನ್ನೂ ಹೆಕ್ಕುತ್ತದೆ. ಗುಬ್ಬಿ ಎಲೆ ಅಂಚನ್ನು ಚೂರುಚೂರಾಗಿ ಹರಿಯುತ್ತದೆ. ಇವನ್ನು ಓಡಿಸಲು ಹೋಗಬೇಡಿ, ಅದು ಮುಗಿಯದ ಕೆಲಸ. ಬಿದಿರು ಕಡ್ಡಿಯನ್ನೋ ಹಳೆಯ ವೈರಿಂಗ್ ಪೈಪನ್ನೋ ಬಗ್ಗಿಸಿ ಕುಂಡದ ಮೇಲೆ ಕಮಾನು ಮಾಡಿ, ಹಳೆಯ ಸೊಳ್ಳೆ ಪರದೆ ಹೊದಿಸಿ, ಅಂಚಿಗೆ ಕಲ್ಲು ಇಡಿ. ಸಸಿಗೆ ನಾಲ್ಕೈದು ಎಲೆ ಬಂದು ಬೇರು ಕಚ್ಚಿಕೊಂಡರೆ ತೆಗೆದುಬಿಡಿ. ಆಮೇಲೆ ಒಂದೆರಡು ಎಲೆ ಹೋದರೂ ಗಿಡಕ್ಕೆ ಏನೂ ಆಗುವುದಿಲ್ಲ.

ಇನ್ನು ಟೊಮೆಟೊ. ಇದು ಹೆಚ್ಚಾಗಿ ಪಿಕಳಾರದ ಕೆಲಸ, ಅದೇ ತಲೆ ಮೇಲೆ ಜುಟ್ಟು ಇರುವ ಬುಲ್ಬುಲ್. ಹಣ್ಣು ಗಿಡದಲ್ಲೇ ಇದ್ದು, ಮೇಲ್ಭಾಗದಲ್ಲಿ ಚೂಪಾಗಿ ಒಳಗೆ ಇಳಿದ ತೂತು ಇದ್ದರೆ ಹಕ್ಕಿ. ಕಚ್ಚಿ ಎಳೆದ ಹಾಗೆ ಹಲ್ಲಿನ ಗೀರು ಇದ್ದರೆ, ಅಥವಾ ಅರ್ಧ ತಿಂದ ಹಣ್ಣು ಪ್ಯಾರಾಪೆಟ್ ಮೇಲೆ ಸಿಕ್ಕರೆ ಅಳಿಲು. ಪಾಪ, ಅಳಿಲು ಮಾಡಿದ್ದಕ್ಕೂ ಬೈಸಿಕೊಳ್ಳುವುದು ಹಕ್ಕಿಯೇ. ಎರಡಕ್ಕೂ ಮದ್ದು ಒಂದೇ, ಅವು ಬರುವ ಮೊದಲೇ ನೀವು ಕೊಯ್ಯಿರಿ. ಟೊಮೆಟೊ ಹಸಿರು ಬಿಟ್ಟು ತುದಿಯಲ್ಲಿ ತಿಳಿ ಗುಲಾಬಿ ಬಣ್ಣ ತಿರುಗಿತು ಅಂದರೆ ಅದು ಮುಂದೆ ಗಿಡದ ಸಹಾಯವಿಲ್ಲದೆ ಹಣ್ಣಾಗುತ್ತದೆ. ಕೊಯ್ದು ಅಡುಗೆ ಮನೆಯ ಬುಟ್ಟಿಯಲ್ಲಿ ಇಡಿ, ಕೆಲವೇ ದಿನದಲ್ಲಿ ಕೆಂಪಗಾಗುತ್ತದೆ. ಗಿಡದಲ್ಲೇ ಪೂರ್ತಿ ಹಣ್ಣಾದದ್ದಕ್ಕೆ ರುಚಿ ಸ್ವಲ್ಪ ಜಾಸ್ತಿ, ಒಪ್ಪುತ್ತೇನೆ. ಆದರೆ ಸಾರಿಗೆ ಹಾಕಿದ ಮೇಲೆ ಯಾರಿಗೆ ಗೊತ್ತಾಗುತ್ತದೆ? ಬೇಸಿಗೆಯಲ್ಲಿ ಹಣ್ಣನ್ನು ನೀರಿನ ಆಸೆಗೂ ಕುಕ್ಕುತ್ತವೆ, ಹಾಗಾಗಿ ಗಿಡಗಳಿಂದ ದೂರ, ತಾರಸಿಯ ಇನ್ನೊಂದು ಮೂಲೆಯಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ.

ಪ್ರಶ್ನೆ: ನಮ್ಮ ಮೆಣಸಿನ ಹೊಲಕ್ಕೆ ಗಿಳಿ ಹಿಂಡು ಬೀಳುತ್ತಿದೆ. ಖಾರದ ಪುಡಿ ನೀರಿನಲ್ಲಿ ಕದಡಿ ಸಿಂಪಡಿಸಿದರೆ ಬರುವುದಿಲ್ಲ ಅಂತ ಯಾರೋ ವಿಡಿಯೋ ಕಳಿಸಿದ್ದಾರೆ. ನಿಜವೇ? (ಬ್ಯಾಡಗಿ ತಾಲ್ಲೂಕಿನ ರೈತ)

ಉತ್ತರ: ಸ್ವಲ್ಪ ಯೋಚಿಸಿ ನೋಡಿ. ಮೆಣಸಿನಕಾಯಿಯನ್ನೇ ತಿನ್ನಲು ಬಂದ ಗಿಳಿಗೆ ಮೆಣಸಿನ ಪುಡಿ ತೋರಿಸಿ ಹೆದರಿಸುವುದೇ? ಖಾರ ಹುಟ್ಟಿಸುವ ಕ್ಯಾಪ್ಸೈಸಿನ್ ನಮಗೆ, ಇಲಿಗೆ, ಅಳಿಲಿಗೆ ಉರಿ ತರುತ್ತದೆ. ಹಕ್ಕಿಗಳ ಬಾಯಿಗೆ ಆ ಉರಿ ತಟ್ಟುವುದೇ ಇಲ್ಲ, ಅವುಗಳ ನರಕ್ಕೆ ಅದು ಹಿಡಿಯುವುದಿಲ್ಲ. ಅಮೆರಿಕದಲ್ಲಿ ಹಕ್ಕಿಗೆ ಹಾಕುವ ಕಾಳಿಗೆ ಮೆಣಸಿನ ಪುಡಿ ಬೆರೆಸಿಯೇ ಮಾರುತ್ತಾರೆ. ಅಳಿಲು ಮುಟ್ಟಬಾರದು, ಹಕ್ಕಿ ಮಾತ್ರ ತಿನ್ನಲಿ ಅಂತ. ಆ ವಿಡಿಯೋ ನಂಬಿ ಪುಡಿ ಸಿಂಪಡಿಸಿದರೆ ಕಣ್ಣು ಉರಿಯುವುದು ನಿಮಗೆ ಮಾತ್ರ.

ಗಿಳಿಯ ತೊಂದರೆ ಏನೆಂದರೆ ಅದು ತಿನ್ನುವುದಕ್ಕಿಂತ ಕತ್ತರಿಸಿ ಕೆಡವುವುದೇ ಜಾಸ್ತಿ. ಮೆಣಸಿನಕಾಯಿ ಆಗಲಿ, ಅವರೆಕಾಯಿ ಆಗಲಿ, ಒಂದು ಕೊಕ್ಕು ಹಾಕಿ ಬಿಸಾಡಿ ಮುಂದಿನದಕ್ಕೆ ಹೋಗುತ್ತದೆ. ಹೊಲದಲ್ಲಿ ಕೆಲಸ ಮಾಡುವ ಉಪಾಯವೆಂದರೆ ಹೊಳೆಯುವ ರಿಬ್ಬನ್, ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ ಬಣ್ಣದ್ದು. ಬೆಳೆಗಿಂತ ಒಂದೂವರೆ ಅಡಿ ಎತ್ತರದಲ್ಲಿ, ಗೂಟದಿಂದ ಗೂಟಕ್ಕೆ, ಎರಡು ಮೂರು ಸುತ್ತು ತಿರುಚಿ ಬಿಗಿಯಾಗಿ ಎಳೆಯಬೇಕು, ಸಾಲಿನಿಂದ ಸಾಲಿಗೆ ಸುಮಾರು 5 ಮೀಟರ್. ದಕ್ಷಿಣೋತ್ತರವಾಗಿ ಕಟ್ಟಿದರೆ ಬೆಳಗ್ಗೆ ಸಂಜೆ ಬಿಸಿಲು ಬಿದ್ದು ಮಿಂಚುತ್ತದೆ, ಗಾಳಿಗೆ ಭರ್ರೆಂದು ಸದ್ದೂ ಮಾಡುತ್ತದೆ. ಮೋಡ ಕವಿದು ಗಾಳಿಯೂ ನಿಂತ ದಿನ ಮಾತ್ರ ಅದು ಸುಮ್ನೆ ದಾರ.

ಇದನ್ನು ಬೆಳೆ ಇರುವಷ್ಟು ದಿನ ಕಟ್ಟಿಡುವವರೇ ಜಾಸ್ತಿ, ತಪ್ಪಾಗುವುದು ಅಲ್ಲೇ. ಒಂದೆರಡು ವಾರದಲ್ಲಿ ಗಿಳಿಗೆ ಇದರಿಂದ ಏನೂ ಆಗುವುದಿಲ್ಲ ಅಂತ ಗೊತ್ತಾಗಿಹೋಗುತ್ತದೆ. ಕಾಯಿ ಕೆಂಪಾಗಲು ಶುರುವಾದ ಮೇಲೆ ಕಟ್ಟಿ, ಕೊಯ್ಲಾದ ಕೂಡಲೇ ಬಿಚ್ಚಿ ಸುತ್ತಿಡಿ. ಮುಂದಿನ ಕೊಯ್ಲಿನ ಕಾಯಿ ಕೆಂಪಾಗುವಾಗ ಮತ್ತೆ ಕಟ್ಟಿ. ಗಿಳಿ ಇಡೀ ದಿನ ಬರುವುದಿಲ್ಲ, ಬೆಳಗ್ಗೆ ಎರಡು ಮೂರು ಗಂಟೆ, ಸಂಜೆ ಎರಡು ಗಂಟೆ, ಅಷ್ಟೇ. ನಮ್ಮ ಹಿರಿಯರು ಅಟ್ಟಣೆ ಹಾಕಿ ಕವಣೆ ಬೀಸುತ್ತಿದ್ದದ್ದು, ಡಬ್ಬ ಬಡಿಯುತ್ತಿದ್ದದ್ದು ಇದೇ ಹೊತ್ತಿನಲ್ಲಿ. ಆಳು ಸಿಗದ ಕಾಲ ಇದು, ಆದರೂ ಕೊಯ್ಲಿನ ಹಿಂದಿನ ವಾರ ಬೆಳಗಿನ ಹೊತ್ತು ಒಬ್ಬರು ಹೊಲದಲ್ಲಿ ಓಡಾಡಿದರೆ ಯಾವ ಉಪಕರಣವೂ ಅದಕ್ಕೆ ಸಮ ಬರುವುದಿಲ್ಲ.

ಪ್ರಶ್ನೆ: ನವಿಲಿನ ಕಾಟಕ್ಕೆ ಸಾಕಾಗಿದೆ. ನಾಟಿ ಮಾಡಿದ ಟೊಮೆಟೊ, ಮೆಣಸಿನ ಸಸಿ ಕಿತ್ತು ಹಾಕುತ್ತವೆ, ಬಿತ್ತಿದ ಕಡಲೆಕಾಯಿ ಕೆದಕುತ್ತವೆ. ಪಕ್ಕದ ಹೊಲದವರು ಕಾಳಿಗೆ ಔಷಧಿ ಬೆರೆಸಿ ಇಡು ಅನ್ನುತ್ತಾರೆ. (ಓದುಗರು, ತುಮಕೂರು ಜಿಲ್ಲೆ)

ಉತ್ತರ: ಅವರ ಮಾತು ಕೇಳಬೇಡಿ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ದಂಡ ಬೇರೆ. ವಿಷದ ಕಾಳು ತಿನ್ನುವುದು ನವಿಲೊಂದೇ ಅಲ್ಲ, ನಿಮ್ಮ ಕೋಳಿ ತಿನ್ನುತ್ತದೆ, ಸತ್ತದ್ದನ್ನು ನಾಯಿ ತಿನ್ನುತ್ತದೆ. ಔಷಧಿ ಕೊಟ್ಟು ಹೇಳಿದವರು ಕೋರ್ಟಿಗೆ ನಿಮ್ಮ ಜೊತೆ ಬರುವುದಿಲ್ಲ.

ನಿಮ್ಮ ಕಷ್ಟ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಬಯಲು ಸೀಮೆಯಲ್ಲಿ ನವಿಲಿನ ದೂರು ಹೇಳದ ರೈತರೇ ಸಿಗುವುದಿಲ್ಲ. ಒಂದು ಅನುಕೂಲ ಇದೆ. ನವಿಲು ರಾತ್ರಿ ಎತ್ತರದ ಮರದ ಮೇಲೆ ಮಲಗಿದರೂ ಹೊಲಕ್ಕೆ ಬರುವುದು ಹೆಚ್ಚಾಗಿ ನಡೆದುಕೊಂಡೇ, ಅದೂ ಒಂದೇ ದಾರಿಯಲ್ಲಿ. ಎರಡು ದಿನ ಬೆಳಗ್ಗೆ ನಿಂತು ಆ ದಾರಿ ಗುರುತು ಮಾಡಿಕೊಳ್ಳಿ. ಆ ಕಡೆಗೆ ಹಳೆಯ ಸೀರೆ ಬೇಲಿ ಕಟ್ಟಿ. ಹಂದಿಗೆಂದು ನೀವು ಕಟ್ಟಿರಲೂಬಹುದು. ಆಚೆ ಏನಿದೆ ಅಂತ ಕಾಣದಿದ್ದರೆ ನವಿಲು ನುಗ್ಗಲು ಹಿಂಜರಿಯುತ್ತದೆ. ಹಾರಲು ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ, ಕೆಲವು ಹಾರಿಯೂ ಬರುತ್ತವೆ, ನೂರಕ್ಕೆ ನೂರು ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ.

ಇನ್ನೊಂದು ವಿಷಯ. ನಿಮಗೆ ಕಾವಲು ಬೇಕಾಗಿರುವುದು ನಾಲ್ಕು ತಿಂಗಳಲ್ಲ. ಕಡಲೆಕಾಯಿಗೆ ಬಿತ್ತಿದ ದಿನದಿಂದ ಮೊಳಕೆ ಮೇಲೆ ಬಂದು ಎಲೆ ಬಿಡುವವರೆಗೆ, ಮತ್ತೆ ಕಾಯಿ ಬಲಿಯುವಾಗ. ಟೊಮೆಟೊ, ಮೆಣಸಿಗೆ ನಾಟಿಯಾದ ಮೊದಲ ಎರಡು ವಾರ, ಮತ್ತೆ ಹಣ್ಣಿನ ಕಾಲ. ಸ್ವಲ್ಪ ಬಲಿತ, ದಪ್ಪ ಕಾಂಡದ ಸಸಿಯನ್ನೇ ನಾಟಿ ಮಾಡಿ, ತೀರಾ ಎಳೆಯದು ಬೇಡ. ಮನೆಯಲ್ಲಿ ನಾಯಿ ಇದ್ದರೆ ಆ ದಿನಗಳಲ್ಲಿ ಅದನ್ನು ಹೊಲದ ಮನೆಯ ಹತ್ತಿರ ಕಟ್ಟಿ, ಬಿಡಬೇಡಿ. ಬಿಟ್ಟ ನಾಯಿ ನವಿಲಿನ ಮರಿ ಹಿಡಿದರೆ ಮತ್ತೆ ಅದೇ ತಲೆನೋವು. ಪರಿಹಾರದ ವಿಷಯ ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಹೋಗುವಾಗ ಹಾಳಾದ ಬೆಳೆಯ ಫೋಟೋ ಮತ್ತು ಪಹಣಿ ತೆಗೆದುಕೊಂಡು ಹೋಗಿ.

ಪ್ರಶ್ನೆ: ತರಕಾರಿ ಮಡಿಗೆ ನೈಲಾನ್ ಬಲೆ ಹಾಕಿದ್ದೆ. ಅದರಲ್ಲಿ ಕೇರೆ ಹಾವು ಸಿಕ್ಕಿಹಾಕಿಕೊಂಡಿತ್ತು. ಬಲೆ ಹಾಕುವುದೇ ತಪ್ಪೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಬಲೆ ತಪ್ಪಲ್ಲ, ಸಡಿಲ ಬಲೆ ತಪ್ಪು. ಮೀನಿನ ಬಲೆಯ ಹಾಗೆ ತೆಳು ದಾರದ್ದು, ನೆಲದ ಮೇಲೆ ರಾಶಿ ಬಿದ್ದಿರುವುದು, ಇವೇ ಹಾವಿಗೂ ಹಕ್ಕಿಗೂ ಉರುಳು. ದಾರ ದಪ್ಪ ಇರಲಿ, ಕಣ್ಣು ಚಿಕ್ಕದಿರಲಿ, ಬೆರಳು ತೂರದಷ್ಟು ಚಿಕ್ಕದಾದರೆ ಒಳ್ಳೆಯದು. ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ನೆಲಕ್ಕೆ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿ. ಕೇರೆ ಇಲಿ ಹಿಡಿಯಲು ಬಂದದ್ದು, ಅದು ಓಡಾಡಿಕೊಂಡಿರಲಿ. ಇನ್ನೊಂದು ಎಚ್ಚರ: ಸೌತೆ, ಹೀರೆ, ಹಾಗಲಕ್ಕೆ ಪೂರ್ತಿ ಬಲೆ ಮುಚ್ಚಿದರೆ ಜೇನು ಬರದೆ ಕಾಯಿಯೇ ಕಚ್ಚುವುದಿಲ್ಲ. ಅಂಥವಕ್ಕೆ ಕಾಯಿ ಕಚ್ಚಿದ ಮೇಲೆ ಒಂದೊಂದಕ್ಕೂ ಕಾಗದದ ಚೀಲವೋ ಹಳೆಯ ಬಟ್ಟೆಯೋ ಕಟ್ಟಿ. ಹಣ್ಣುನೊಣದ ಕಾಟವೂ ತಪ್ಪುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಗೂಬೆ, ಹಳೆಯ ಸಿ.ಡಿ. ಪ್ರಯೋಜನ ಇದೆಯೇ? (ಬೆಂಗಳೂರು)

ಉತ್ತರ: ಒಂದು ವಾರ. ದಿನಾ ಜಾಗ ಬದಲಿಸಿದರೆ ಎರಡು ವಾರ. ಗೂಬೆಯ ತಲೆ ಮೇಲೆ ಕಾಗೆ ಕೂತ ಫೋಟೋ ನೀವೇ ಕಳಿಸಿದ್ದೀರಿ, ಇನ್ನೇನು ಹೇಳಲಿ?

ಪ್ರಶ್ನೆ: ಹೊಲದಲ್ಲಿ ಹಕ್ಕಿ ಕೂರಲಿ ಅಂತ ಕೋಲು ನೆಡಲು ಕೃಷಿ ಇಲಾಖೆಯವರು ಹೇಳುತ್ತಾರೆ. ಹಕ್ಕಿ ಓಡಿಸಬೇಕೋ, ಕರೆಯಬೇಕೋ? (ತೊಗರಿ, ಟೊಮೆಟೊ ಬೆಳೆಗಾರ, ಕಲಬುರಗಿ)

ಉತ್ತರ: ಎರಡೂ, ಬೇರೆ ಬೇರೆ ದಿನ. ತೊಗರಿ, ಕಡಲೆಯ ಕಾಯಿಕೊರಕ ಹುಳುವೇ ಟೊಮೆಟೊ ಹಣ್ಣನ್ನೂ ಕೊರೆಯುವುದು. ಕಾಜಾಣ, ಗೊರವಂಕ ಈ ಹುಳುವನ್ನು ಹೆಕ್ಕಿ ತಿನ್ನುತ್ತವೆ. ಎಕರೆಗೆ ಸುಮಾರು 20 ಕವೆಗೋಲು ನೆಟ್ಟರೆ ಅವಕ್ಕೆ ಕೂತು ನೋಡಲು ಜಾಗ ಆಗುತ್ತದೆ. ಅರಿಶಿನ ಕಲಸಿದ ಅನ್ನವನ್ನೋ ಮಂಡಕ್ಕಿಯನ್ನೋ ಚೆಲ್ಲಿ ಹಕ್ಕಿ ಕರೆಯುವ ರೈತರೂ ಇದ್ದಾರೆ. ಕೋಲು ಬೆಳೆಗಿಂತ ಎತ್ತರ ಇರಬೇಕು, ಇಲ್ಲದಿದ್ದರೆ ಯಾವ ಕಾಜಾಣವೂ ಕೂರುವುದಿಲ್ಲ. ತೊಗರಿಯಲ್ಲಿ ಹೂವು, ಎಳೆ ಕಾಯಿಯ ಕಾಲಕ್ಕೆ ಕೋಲು ಇರಲಿ. ಟೊಮೆಟೊ ಮಡಿಯಲ್ಲಿ ಹಣ್ಣು ಬಣ್ಣ ತಿರುಗುವ ಮೊದಲೇ ಕೋಲು ಕಿತ್ತು ಪಕ್ಕಕ್ಕಿಡಿ, ಯಾಕೆಂದರೆ ಗೊರವಂಕಕ್ಕೆ ಹುಳುವೂ ಇಷ್ಟ, ಹಣ್ಣೂ ಇಷ್ಟ.

ಪ್ರಶ್ನೆ: ಹಾಗಲ ಚಪ್ಪರದಲ್ಲಿ ಪಿಕಳಾರ ಗೂಡು ಕಟ್ಟಿ ಮೊಟ್ಟೆ ಇಟ್ಟಿದೆ. ಮುಂದೆ ಕಾಯಿ ತಿನ್ನುತ್ತದೆ, ಗೂಡು ತೆಗೆದುಬಿಡು ಅಂತ ಅತ್ತೆ ಹೇಳುತ್ತಾರೆ. ನನಗೆ ಮನಸ್ಸಿಲ್ಲ. (ಓದುಗರು, ಶಿರಸಿ)

ಉತ್ತರ: ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಮೊಟ್ಟೆ ಒಡೆದು ಮರಿ ಹಾರಿಹೋಗಲು ಒಂದು ತಿಂಗಳು ಕೂಡ ಬೇಡ, ಅಷ್ಟು ದಿನ ಅದು ಮರಿಗೆ ತಂದು ಕೊಡುವುದು ಹೆಚ್ಚಾಗಿ ಹುಳುಹುಪ್ಪಟೆ, ಅದೂ ನಿಮ್ಮದೇ ಹಿತ್ತಲಿನಿಂದ. ಹಸಿ ಹಾಗಲವನ್ನು ಪಿಕಳಾರ ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಹಣ್ಣಾಗಿ ಬಿರಿದ ಹಾಗಲದ ಒಳಗಿನ ಕೆಂಪು ಸಿಹಿ ತಿರುಳು. ಅಡುಗೆಗೆ ಎಳೆಯದನ್ನೇ ಕೊಯ್ಯುತ್ತೀರಲ್ಲ, ನಷ್ಟ ಏನೂ ಇಲ್ಲ. ಬೀಜಕ್ಕೆ ಬಿಟ್ಟ ಕಾಯಿ ಇದ್ದರೆ ಅದು ಹಳದಿ ತಿರುಗಿದ ಕೂಡಲೇ, ಬಿರಿಯುವ ಮೊದಲು ಕಿತ್ತು ಒಳಗೆ ಇಟ್ಟುಕೊಳ್ಳಿ. ಗೂಡಿನ ಪಕ್ಕದ ಬಳ್ಳಿಗೆ ಮಾತ್ರ ಸದ್ಯ ಔಷಧಿ ಹೊಡೆಯಬೇಡಿ.