ವರ್ಷದ ತಿಥಿಗೆ ರಕ್ತದಾನ: 300ರ ಗುರಿ ಬೇಡ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ: "ಪಿಯುಸಿ ಓದುತ್ತಿದ್ದ ನಮ್ಮಕ್ಕನ ಮಗ ಕಳೆದ ಡಿಸೆಂಬರ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಆಸ್ಪತ್ರೆಯಲ್ಲಿ ಅವನಿಗೆ ಏರಿಸಿದ ರಕ್ತವೆಲ್ಲ ಗುರುತು ಪರಿಚಯ ಇಲ್ಲದವರು ಕೊಟ್ಟದ್ದು. ವರ್ಷದ ತಿಥಿಯ ದಿನ ಸಮುದಾಯ ಭವನದಲ್ಲಿ ಶಿಬಿರ ನಡೆಸಿ 300 ಯೂನಿಟ್ ಕೂಡಿಸಬೇಕೆಂದು ಅವನ ಗೆಳೆಯರು ಓಡಾಡುತ್ತಿದ್ದಾರೆ. ರಕ್ತ ಕೊಟ್ಟವರಿಗೆ ಒಂದೊಂದು ಹೆಲ್ಮೆಟ್ ಕೊಡುವ ಯೋಚನೆಯೂ ಇದೆ. ಹೇಗೆ ಮಾಡಿದರೆ ಸರಿ?"

ಸಂಪಾದಕರ ಉತ್ತರ:

ಮನೆಯ ಹುಡುಗನನ್ನು ಕಳೆದುಕೊಂಡ ಸಂಕಟದಲ್ಲೂ ಬೇರೆಯವರ ಮಕ್ಕಳ ಜೀವ ನೆನೆದಿದ್ದೀರಿ. ಶಿಬಿರ ಖಂಡಿತ ಮಾಡಿ, ಆದರೆ 300ರ ಗುರಿ ಬಿಡಿ. ಫ್ರಿಜ್‌ನಲ್ಲಿ 2ರಿಂದ 6 ಡಿಗ್ರಿಯಲ್ಲಿಟ್ಟರೂ ರಕ್ತ ಸಾಮಾನ್ಯ ಚೀಲದಲ್ಲಿ 35 ದಿನ ಮಾತ್ರ ಬಾಳುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಐದೇ ದಿನ. ಒಮ್ಮೆಲೇ ಮುನ್ನೂರು ಚೀಲ ಬಂದು ಬಿದ್ದರೆ ಸಣ್ಣ ರಕ್ತನಿಧಿ ಅಷ್ಟನ್ನೂ ಅವಧಿಯೊಳಗೆ ಬಳಸಲಾರದು, ಉಳಿದದ್ದು ಹಾಳು. ಇನ್ನೊಂದು ತೊಂದರೆಯೂ ಇದೆ. ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಜನವರಿಯಲ್ಲಿ ನಿಮ್ಮೂರಿನ ಬಾಣಂತಿಯೊಬ್ಬಳಿಗೆ ರಕ್ತಸ್ರಾವವಾದರೆ ಊರಿಡೀ ಹುಡುಕಿದರೂ ದಾನಿ ಸಿಗದೆ ಹೋಗಬಹುದು.

ಆದ್ದರಿಂದ ಒಂದು ಸಲಕ್ಕೆ ಅರವತ್ತು ಎಪ್ಪತ್ತು ಯೂನಿಟ್ ಸಾಕು, ವರ್ಷಕ್ಕೆ ಮೂರು ಸಲ ಮಾಡಿ: ತಿಥಿಗೆ ಡಿಸೆಂಬರ್‌ನಲ್ಲಿ, ಆಮೇಲೆ ಏಪ್ರಿಲ್, ಆಗಸ್ಟ್. ನಾಲ್ಕು ತಿಂಗಳ ಅಂತರ ಗಂಡಸರಿಗೂ ಹೆಂಗಸರಿಗೂ ಹೊಂದುತ್ತದೆ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆಯಾಗಿ ರಕ್ತನಿಧಿಗಳು ಬರಿದಾಗುತ್ತವೆ. ಆದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಿಕೊಳ್ಳಲೇಬೇಕಾದ ಥಲಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಮಕ್ಕಳಿಗೆ ರಜೆಯಿಲ್ಲ. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್‌ಗೆ ಪರದಾಟ.

ಶಿಬಿರವನ್ನು ನೀವಾಗಿಯೇ ನಡೆಸುವಂತಿಲ್ಲ, ಪರವಾನಗಿ ಇರುವ ರಕ್ತನಿಧಿಯವರೇ ಬರಬೇಕು. ತಿಂಗಳ ಮೊದಲೇ ಜಿಲ್ಲಾಸ್ಪತ್ರೆಯ ರಕ್ತನಿಧಿಗೆ ಪತ್ರ ಕೊಟ್ಟು ಮೂರು ಮಾತು ಕೇಳಿ: ಎಷ್ಟು ಯೂನಿಟ್ ಒಯ್ಯುತ್ತೀರಿ, ಎಷ್ಟು ಮಂಚ ತರುತ್ತೀರಿ, ಪ್ಲೇಟ್‌ಲೆಟ್ ಬೇರ್ಪಡಿಸುವ ಸೌಲಭ್ಯ ಇದೆಯೇ. ಒಂದು ಮಂಚಕ್ಕೆ ಗಂಟೆಗೆ ಮೂವರಂತೆ ಲೆಕ್ಕ ಹಾಕಿದರೆ ಐದು ಮಂಚದಲ್ಲಿ ಐದು ಗಂಟೆಗೆ 75 ಜನ. ಮುನ್ನೂರು ಜನರನ್ನು ಕರೆದರೆ ಮುಕ್ಕಾಲು ಪಾಲು ಕಾದು ಕಾದು ಮನೆಗೆ ಹೋಗುತ್ತಾರೆ, ಮುಂದಿನ ಸಲ ಬರುವುದಿಲ್ಲ.

ಬಂದವರೆಲ್ಲ ಕೊಡಲಾಗದು ಎಂಬುದೂ ಗೊತ್ತಿರಲಿ. ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ನಮ್ಮಲ್ಲಿ ಹೆಂಗಸರು ಹೆಚ್ಚಾಗಿ ವಾಪಸಾಗುವುದು ಈ ಕೊನೆಯದರಿಂದಲೇ. ವಾಪಸಾದವರ ಕಾರಣವನ್ನು ಯಾರೂ ಗಟ್ಟಿಯಾಗಿ ಕೂಗಬಾರದು. ರಕ್ತಹೀನತೆ ಇದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿಕೊಡಲು ಆಶಾ ಕಾರ್ಯಕರ್ತೆಯೊಬ್ಬರು ಅಲ್ಲೇ ಇದ್ದರೆ ಒಳ್ಳೆಯದು.

ಹೆಲ್ಮೆಟ್ ಮಾತ್ರ ದಯವಿಟ್ಟು ಬೇಡ. ಬೆಲೆಬಾಳುವ ಉಡುಗೊರೆ ಇದೆ ಎಂದರೆ ಕಾಯಿಲೆ ಮುಚ್ಚಿಟ್ಟು ಬರುವವರಿರುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನು ಪ್ರತಿ ಚೀಲಕ್ಕೂ ಮಾಡುತ್ತಾರೆ, ನಿಜ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದಿರಬಹುದು. ಆಗ ರೋಗಿಯನ್ನು ಕಾಯುವುದು ದಾನಿ ಹೇಳುವ ನಿಜವೊಂದೇ. ಪ್ರಮಾಣಪತ್ರ, ಬಿಸ್ಕತ್ತು, ಜ್ಯೂಸ್ ಸಾಕು. ಹೆಲ್ಮೆಟ್‌ಗೆ ತೆಗೆದಿಟ್ಟ ಹಣದಲ್ಲಿ ಬೇರೊಂದು ದಿನ, ಅವನು ಓದಿದ ಕಾಲೇಜಿನಲ್ಲೇ, ಲೈಸೆನ್ಸ್ ಪಡೆದ ಹುಡುಗರಿಗೆ ಐಎಸ್‌ಐ ಗುರುತಿನ ಹೆಲ್ಮೆಟ್ ಹಂಚಿ.

ಶಿಬಿರದಲ್ಲಿ ಜನ ಹೆದರುವುದು ಯಾರಾದರೂ ತಲೆಸುತ್ತಿ ಬಿದ್ದಾಗ. ಹಾಗಾಗುವುದು ಹೆಚ್ಚಾಗಿ ಹಸಿದ ಹೊಟ್ಟೆ, ನೀರು ಕುಡಿಯದಿರುವುದು, ಸೆಕೆ, ಭಯದಿಂದ. ತಿಥಿಯ ದಿನ ಪೂಜೆ ಮುಗಿಯುವ ತನಕ ಉಪವಾಸವಿರುವವರು ನಿಮ್ಮ ನೆಂಟರಲ್ಲೇ ಇರುತ್ತಾರೆ. ಅವರನ್ನು ಊಟ ಮಾಡಿಸದೆ ಮಂಚ ಹತ್ತಿಸಬೇಡಿ. ಚುಚ್ಚುವ ಮುಂಚೆ ಎಲ್ಲರೂ ಅರ್ಧ ಲೀಟರ್ ನೀರು ಕುಡಿಯಲಿ. ಹಣೆಯಲ್ಲಿ ತಣ್ಣನೆ ಬೆವರು, ಮೇಲಿಂದ ಮೇಲೆ ಆಕಳಿಕೆ, ಬಿಳಚಿದ ತುಟಿ ಕಂಡರೆ ಕೂಡಲೇ ನರ್ಸ್‌ನ್ನು ಕೂಗಿ, ಮಲಗಿಸಿ ಕಾಲು ಎತ್ತರಕ್ಕಿಡಿ. ಕೊಟ್ಟಾದ ಮೇಲೆ ಕನಿಷ್ಠ ಹದಿನೈದು ನಿಮಿಷ ಕೂರಿಸಿ, ಎದ್ದ ಕೂಡಲೇ ಬೈಕ್ ಹತ್ತಲು ಬಿಡಬೇಡಿ.

ಹೆಸರು ಉಳಿಯುವುದು ದೊಡ್ಡ ಫ್ಲೆಕ್ಸ್‌ನಿಂದ ಅಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ಪ್ರಾಣ ಹೋಗುತ್ತಿದ್ದಾಗಲೂ ಯುವಕ ಹರೀಶ್ ತನ್ನ ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡರು, ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಗೆ ಅದೇ ವರ್ಷ ರಾಜ್ಯ ಸರ್ಕಾರ ತಂದ ಯೋಜನೆಗೆ ಅವರದೇ ಹೆಸರಿಟ್ಟಿತು. ನಿಮ್ಮ ಹುಡುಗನದೊಂದು ಫೋಟೊ, ಒಂದು ಹೂಮಾಲೆ ಇರಲಿ. ಭಾಷಣ, ಹಾರ ತುರಾಯಿ ಬೇಡ. ಅಕ್ಕನನ್ನು ವೇದಿಕೆಗೆ ಕರೆಯಬೇಡಿ. ಬರುತ್ತೇನೆಂದರೆ ಮಜ್ಜಿಗೆ ಕೊಡುವ ಮೇಜಿನ ಬಳಿ ಕುರ್ಚಿ ಹಾಕಿ, ಬೇಡವೆಂದರೆ ಬಲವಂತ ಮಾಡಬೇಡಿ.

18 ತುಂಬದ ಗೆಳೆಯರು ಇರುತ್ತಾರೆ, ಅವರಿಗೆ ಹೆಸರು ಬರೆದುಕೊಳ್ಳುವ ಕೆಲಸ ಕೊಡಿ. ದಾನಿಯ ಹೆಸರು, ಗುಂಪು, ಫೋನ್, ಕೊಟ್ಟ ತಾರೀಖು ಒಂದು ನೋಟ್‌ಬುಕ್‌ನಲ್ಲಿರಲಿ, ಒಪ್ಪಿಗೆ ಕೇಳಿಯೇ ಬರೆದುಕೊಳ್ಳಲಿ. ಅಪರೂಪದ ನೆಗೆಟಿವ್ ಗುಂಪಿನವರನ್ನು ಶಿಬಿರಕ್ಕೆ ಕರೆಯುವ ಮುಂಚೆ ರಕ್ತನಿಧಿಯನ್ನು ಕೇಳಿ, ಅವರನ್ನು ತುರ್ತಿಗೆ ಕಾಯ್ದಿಡಿ ಎನ್ನುವುದೇ ಹೆಚ್ಚು. ನೋಟ್‌ಬುಕ್ ಇಬ್ಬರ ಬಳಿ ಇರಲಿ, ಒಬ್ಬ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೂ ರಾತ್ರಿ ಬಂದ ಫೋನಿಗೆ ಇನ್ನೊಬ್ಬ ಉತ್ತರ ಕೊಡಬಹುದು.